ಲೀಸ್ ಗಾಡಿಗೆ ತೂತು ಹೊಡೆಯಬಾರದು

ಪಕ್ಕದ ಮನೆಯ ಶಿಲ್ಪಾ ಡಿಪ್ಲೊಮಾ ಮುಗಿಸಿ ಕಾರ್ ಆಕ್ಸೆಸರೀಸ್ ಶೋರೂಮಿಗೆ ಸೇರಿದ್ದಾಳೆ. ಮೊದಲ ವಾರವೇ ನಮ್ಮ ಮನೆಗೆ ಬಂದು, "ಆಂಟಿ, ನೀವೂ ಇದ ಕೆಲಸ ಮಾಡ್ತಿದ್ರಂತಲ್ರಿ. ಏನರ ಟಿಪ್ಸ್ ಕೊಡ್ರಿ" ಎಂದಳು. ಕಾಟನ್ ಸೀರೆ ಉಟ್ಟು ಮಧ್ಯಾಹ್ನವೆಲ್ಲ ಕ್ರಾಸ್‌ವರ್ಡ್ ಬಿಡಿಸುವ ಈ ಮುದುಕಿ ಒಂದು ಕಾಲಕ್ಕೆ ಕಾರಿನ ಬಾಗಿಲ ಪ್ಯಾಡ್ ಬಿಚ್ಚಿಸುತ್ತಿದ್ದಳು ಎಂದು ಅವಳಿಗೆ ನಂಬಿಕೆ ಬಂದಂತಿರಲಿಲ್ಲ. ಟಿಪ್ಸ್ ಎಂದರೆ ನನಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಒಂದೆರಡು ಗಾಡಿಗಳು, ಒಂದೆರಡು ತಪ್ಪುಗಳು. ಅವನ್ನೇ ಬರೆದಿಡುತ್ತೇನೆ.

ನನ್ನ ಯಜಮಾನರದು ಹೊಸಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ. ಅವರು ತೀರಿಕೊಂಡಾಗ ಅಂಗಡಿ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂತುಕೋ ಎಂದವರೇ ಹೆಚ್ಚು. ನಾನು ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಓದಿದವಳು. ಇಂಗ್ಲಿಷ್ ಮತ್ತು ದುಂಡಗಿನ ಹ್ಯಾಂಡ್‌ರೈಟಿಂಗ್ ಬಿಟ್ಟರೆ ಕೈಯಲ್ಲಿ ಬೇರೆ ವಿದ್ಯೆ ಇರಲಿಲ್ಲ. ಆದರೆ ಯಜಮಾನರ ಜೊತೆ ಇಪ್ಪತ್ತು ವರ್ಷ ದುಡಿದಿದ್ದ ಮಾಬೂಸಾಬ್ ಇದ್ದ. ಅವನ ಬೆರಳಿಗೆ ಎಲ್ಲ ಗೊತ್ತಿತ್ತು, ಇಂಗ್ಲಿಷ್ ಮಾತ್ರ ಗೊತ್ತಿರಲಿಲ್ಲ. ಆ ಹೊತ್ತಿಗೆ ಸಂಡೂರಿನ ಗಣಿಗಳು ಜೋರು ಹಿಡಿದಿದ್ದವು. ಊರ ತುಂಬ ಹೊಸ ಕಾರುಗಳು. ಕಾರು ಬಂದಮೇಲೆ ಹಾಡು ಬೇಕಲ್ಲ! ಪೆಟ್ಟಿಗೆಯೊಳಗೆ ಬರುವ ಮ್ಯಾನ್ಯುಯಲ್ಲುಗಳನ್ನು ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುವುದು, ಮಾಬು ಸೀಟಿನ ಕೆಳಗೆ ಮಲಗಿಕೊಂಡು ಕೆಲಸ ಮಾಡುವುದು. ಹೀಗೆ ರೇಡಿಯೊ ಅಂಗಡಿ ಕಾರ್ ಸ್ಟೀರಿಯೊ ಅಂಗಡಿಯಾಯಿತು.

"ಮೇಡಂ, ನೀವು ಓದೋದು ಕೇಳಿದ್ರ ಸಾಲಿಗೆ ಬಂದಂಗ ಆಕ್ಕೈತಿ" ಎನ್ನುತ್ತಿದ್ದ ಅವನು, ಕಾರಿನೊಳಗಿಂದ.

"ಸಾಲಿಗೆ ಸರಿಯಾಗಿ ಹೋಗಿದ್ದರೆ ಇವತ್ತು ನೀನೇ ಓದುತ್ತಿದ್ದೆ."

"ನಾನ ಓದಿದ್ರ ನಿಮಗ ಏನ್ ಕೆಲಸ ಉಳೀತಿತ್ರಿ?"

ಅದೂ ನಿಜವೇ.

ಮೊದಲ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಗಣಿ ಕಂಪನಿಯ ಒಬ್ಬ ಆಫೀಸರು ಬಿಳಿ ಕಾರು ತಂದು ನಿಲ್ಲಿಸಿ ಒಳ್ಳೆಯ ಸೌಂಡ್ ಹಾಕಿಕೊಡಿ ಎಂದರು. ಆಗಿನ ರೂಢಿಯಂತೆ ಮಾಬು ಸ್ಟೀರಿಯೊ ಹಿಂದಿನ ವೈರುಗಳನ್ನು ಕಚಕಚ ಕತ್ತರಿಸಿ, ಹೊಸದಕ್ಕೆ ತಿರುವಿ, ಕಪ್ಪು ಟೇಪು ಸುತ್ತಿದ. ಬಾಗಿಲಿಗೆ ಡ್ರಿಲ್ ಇಟ್ಟು ದೊಡ್ಡ ಸ್ಪೀಕರಿಗೆ ತೂತು ಹೊಡೆದ. ಸೌಂಡು ಮಸ್ತಾಗಿ ಬಂತು. ನಾಲ್ಕು ದಿನ ಬಿಟ್ಟು ಕಂಪನಿಯ ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನವರು ಬಂದು ಅಂಗಡಿಯ ಮುಂದೆ ನಿಂತು ಕೂಗಾಡಿದರು. ಆ ಕಾರು ಆಫೀಸರದ್ದೂ ಅಲ್ಲ, ಕಂಪನಿಯದ್ದೂ ಅಲ್ಲ. ಬೆಂಗಳೂರಿನ ಒಂದು ಸಂಸ್ಥೆಯಿಂದ ಲೀಸಿಗೆ ತಂದದ್ದು. ಮೂರು ವರ್ಷ ಓಡಿಸಿ, ತಂದ ಹಾಗೆಯೇ ವಾಪಸ್ ಕೊಡಬೇಕು. ಬಾಡಿಗೆ ಮನೆಯ ಗೋಡೆ ಒಡೆದು ಕಿಟಕಿ ಇಟ್ಟವರ ಪರಿಸ್ಥಿತಿ ನಮ್ಮದಾಯಿತು. ಆ ಬಾಗಿಲನ್ನೂ ವೈರಿಂಗನ್ನೂ ಸರಿಮಾಡಲು ನಾವು ಪಟ್ಟ ಪಾಡು ಈಗ ಬೇಡ.

ಅಂದೇ ಮಾಬುವಿನ ಕಟರನ್ನು ನನ್ನ ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡೆ. ಬೇಕಾದಾಗ ಕೇಳಬೇಕು, ಯಾಕೆ ಬೇಕು ಎಂದು ಹೇಳಬೇಕು. ಕಾನ್ವೆಂಟಿನಲ್ಲಿ ಟರ್ಮ್ ಮುಗಿದಾಗ ಸಿಸ್ಟರ್ ಒಬ್ಬರು ನಮ್ಮ ಡೆಸ್ಕುಗಳ ಮೇಲೆ ಕೈಯಾಡಿಸುತ್ತ, "ಲೀವ್ ಇಟ್ ಆ್ಯಸ್ ಯು ಫೌಂಡ್ ಇಟ್, ಗರ್ಲ್ಸ್" ಎನ್ನುತ್ತಿದ್ದರು. ಅದನ್ನೇ ಮಾಬುವಿಗೆ ಕನ್ನಡದಲ್ಲಿ ಹೇಳಿದೆ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತಾನೇ ಒಂದು ದಾರಿ ಹುಡುಕಿದ. ಕಾರಿನ ಸಾಕೆಟ್ಟಿಗೆ ಹೊಂದುವ ಕಪ್ಲರುಗಳನ್ನು ಹುಬ್ಬಳ್ಳಿಯಿಂದ ತರಿಸಿ, ಕತ್ತರಿಸುವುದು ಬೆಸೆಯುವುದು ಎಲ್ಲವನ್ನೂ ನಮ್ಮ ವೈರಿನಲ್ಲೇ ಮಾಡಿ, ಕಾರಿನ ವೈರಿಗೆ ಬರೀ ಸಿಕ್ಕಿಸುವುದು. ಆಂಪ್ಲಿಫೈಯರನ್ನು ಒಂದು ಪ್ಲೈವುಡ್ ಹಲಗೆಗೆ ಕೂರಿಸಿ, ಆ ಹಲಗೆಯನ್ನು ಸೀಟಿನದೇ ಬೋಲ್ಟಿಗೆ ಬಿಗಿಯುವುದು. ಬ್ಯಾಟರಿಯ ವೈರು ಒಳಗೆ ತರಲು ಹೊಸ ತೂತು ಬೇಡ, ಮೊದಲೇ ಇರುವ ರಬ್ಬರ್ ಬಿರಡೆಯ ಪಕ್ಕದಲ್ಲಿ ನುಸುಳಿಸಿದರೆ ಸಾಕು. ಬಾಗಿಲಿನ ಹಳೆಯ ಸ್ಕ್ರೂ ತೂತುಗಳಿಗೇ ಹೊಂದುವ ಹಾಗೆ ಮರದ ರಿಂಗು ಕೊಯ್ದು ಅದರ ಮೇಲೆ ಹೊಸ ಸ್ಪೀಕರು. ಡಿಕ್ಕಿಯಲ್ಲಿಡುವ ಬೇಸ್ ಪೆಟ್ಟಿಗೆಗೆ ಬೆಲ್ಟು. ಕಾರಿನ ಮೂಲ ಸ್ಟೀರಿಯೊ, ಸ್ಪೀಕರು, ಸ್ಕ್ರೂ ಎಲ್ಲ ಒಂದು ತಗಡಿನ ಡಬ್ಬಿಗೆ. ಡಬ್ಬಿಯ ಮೇಲೆ ಚೀಟಿ. ಲೀಸು ಮುಗಿದ ದಿನ ನಮ್ಮದನ್ನು ಬಿಚ್ಚಿ ಅದನ್ನು ಕೂರಿಸುವುದು.

ಆಮೇಲೆ ಗಣಿಯ ಆಫೀಸರುಗಳೆಲ್ಲ ನಮ್ಮಲ್ಲಿಗೇ ಬರತೊಡಗಿದರು. ಎಲ್ಲೆಲ್ಲಿಂದಲೋ ಬಂದವರು, ಇವತ್ತು ಇಲ್ಲಿ, ನಾಳೆ ಒಡಿಶಾ. ಸಂಡೂರಿನ ಆ ರಸ್ತೆಯಲ್ಲಿ ಲಾರಿಗಳ ಸಾಲಿನ ಹಿಂದೆ ಗಂಟೆಗಟ್ಟಲೆ ಕೂರುವವರಿಗೆ ಹಾಡೇ ಗತಿ. ವರ್ಗವಾದರೆ ಕಾರು ಇಲ್ಲಿ ಬಿಟ್ಟು ಸೌಂಡು ಕಟ್ಟಿಕೊಂಡು ಹೋಗಬಹುದಲ್ಲ ಎಂದು ಅವರಿಗೂ ಖುಷಿ.

ಶಿಲ್ಪಾ, ಮ್ಯಾನ್ಯುಯಲ್ಲಿನಲ್ಲಿ ಇಲ್ಲದ ಕಷ್ಟಗಳೂ ಇರುತ್ತವೆ. ಒಮ್ಮೆ ಸಂಡೂರಿನ ಗಣಿಯ ಡಾಕ್ಟರಮ್ಮ ಬಂದು ಸ್ಪೀಕರು ಗೊರಗೊರ ಎನ್ನುತ್ತದೆ ಎಂದರು. ನಾವು ಹಾಕಿ ಆರು ತಿಂಗಳೂ ಆಗಿರಲಿಲ್ಲ. ಮಾಬು ಬಾಗಿಲ ಪ್ಯಾಡು ಬಿಚ್ಚಿದವನೇ ಬಿದ್ದು ಬಿದ್ದು ನಕ್ಕ.

"ಮೇಡಂ, ಬರ್ರಿ ಇಲ್ಲಿ. ಸ್ಪೀಕರಿಗೆ ಗಡ್ಡ ಬಂದೈತಿ!"

ನೋಡಿದರೆ ಹೌದು. ಬಾಗಿಲಿನೊಳಗೆ ನುಗ್ಗಿದ ಅದಿರಿನ ಪುಡಿಯಲ್ಲಿ ಅಯಸ್ಕಾಂತಕ್ಕೆ ಅಂಟುವಷ್ಟು ಅಂಟಿ, ಸ್ಪೀಕರಿನ ಹಿಂದೆ ಕಪ್ಪುಗೆಂಪು ಗಡ್ಡವೇ ಬೆಳೆದಿತ್ತು. ಸ್ಪೀಕರಿನ ತಪ್ಪಲ್ಲ, ನೆಲದ ಗುಣ. ಡಾಕ್ಟರಮ್ಮ ಅದನ್ನು ಬಗ್ಗಿ ನೋಡಿದರು. "ದಿನಾ ನನ್ನ ಹತ್ರ ಕೆಮ್ಮಿಕೋತ ಬರ್ತಾರಲ್ಲ, ಅವರ ಎದಿಯೊಳಗೂ ಹಿಂಗ ಇರ್ತೈತೇನೋ" ಎಂದರು. ನಮ್ಮ ನಗು ಅಲ್ಲಿಗೆ ನಿಂತಿತು. ಅಂದಿನಿಂದ ಪ್ರತಿ ಸ್ಪೀಕರಿಗೂ ನಾನು ಹಳೆಯ ಪಂಚೆಯ ಬಟ್ಟೆಯಲ್ಲಿ ಒಂದು ಟೋಪಿ ಹೊಲಿದು ಹಿಂದಿನಿಂದ ತೊಡಿಸತೊಡಗಿದೆ. ಬೆಂಗಳೂರಿನ ಯಾವ ದೊಡ್ಡ ಶೋರೂಮಿನಲ್ಲೂ ಅದು ಸಿಗುತ್ತಿರಲಿಲ್ಲ.

ನಮ್ಮ ಅಂಗಡಿಗೆ ಮೇಲಧಿಕಾರಿ ಅಂತ ಇರಲಿಲ್ಲ. ಇದ್ದರೆ ಆ ಲೀಸ್ ಸಂಸ್ಥೆಯ ಇನ್‌ಸ್ಪೆಕ್ಟರ್ ಪ್ರಭಾಕರ್ ಒಬ್ಬರೇ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬಂದು ಕಂಪನಿಯ ಯಾರ್ಡಿನಲ್ಲಿ ವಾಪಸಾಗುವ ಕಾರುಗಳನ್ನು ಪರೀಕ್ಷೆ ಮಾಡುವವರು. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಹಲ್ಲಿನ ಡಾಕ್ಟರು ಇಟ್ಟುಕೊಳ್ಳುವಂಥ ಪುಟ್ಟ ಕನ್ನಡಿ. ಮಾತು ಕಡಿಮೆ. ಸೀಟಿನ ಕೆಳಗೆ ಕನ್ನಡಿ ತೂರಿಸಿ ನೋಡಿ "ಹ್ಞೂಂ" ಎಂದರೆ ಪಾಸು. ಅವರ ಒಂದು ಹ್ಞೂಂಕಾರಕ್ಕೆ ಕಾರಿನ ಪಕ್ಕ ಕೈಕಟ್ಟಿ ನಿಂತ ಡ್ರೈವರುಗಳು ಉಸಿರು ಬಿಡುತ್ತಿದ್ದರು. ಕಾರಿನಲ್ಲಿ ಏನೇ ಕೊರತೆ ಕಂಡರೂ ಕಂಪನಿ ಮೊದಲು ಹಿಡಿಯುತ್ತಿದ್ದುದು ಡ್ರೈವರನ್ನೇ.

ಅಂಥ ಒಬ್ಬ ಡ್ರೈವರು ಹುಲುಗಪ್ಪ. ಊರ ಪಕ್ಕದ ಟಿ.ಬಿ. ಡ್ಯಾಂ ಕಾಲನಿಯಲ್ಲಿ ಅವನ ಮನೆ. ಗಣಿಯ ಭೂವಿಜ್ಞಾನಿ ಸಾಹೇಬರೊಬ್ಬರ ಕಾರು ಓಡಿಸುತ್ತಿದ್ದ. ಆರು ವರ್ಷದಿಂದ ಗುತ್ತಿಗೆಯ ಮೇಲಿದ್ದವನು. ಸಾಹೇಬರಿಗೆ ಒಡಿಶಾಕ್ಕೆ ವರ್ಗವಾಯಿತು, ಕಾರಿನ ಲೀಸೂ ಮುಗಿಯಿತು. ಹೋಗುವ ಮುಂಚೆ ಸಾಹೇಬರು ಹುಲುಗಪ್ಪನ ಹೆಸರನ್ನು ಕಾಯಂ ಡ್ರೈವರುಗಳ ಪಟ್ಟಿಗೆ ಬರೆದು ಕಳಿಸಿದ್ದರು. ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನವರು ಒಂದೇ ಷರತ್ತು ಹಾಕಿದ್ದರು: ಈ ಗಾಡಿ ಒಂದು ಮಾತೂ ಬರದ ಹಾಗೆ ವಾಪಸಾಗಬೇಕು.

ಶನಿವಾರ ಇನ್‌ಸ್ಪೆಕ್ಷನ್. ಗುರುವಾರ ಬೆಳಿಗ್ಗೆ ಹುಲುಗಪ್ಪ ಗಾಡಿ ತಂದ. ಕಾಲುವೆಯ ನೀರು ಹೊತ್ತು ತಂದು ಒಳಗೂ ಹೊರಗೂ ತೊಳೆದು ಮದುಮಗನ ಹಾಗೆ ಮಾಡಿದ್ದ. ಮಾಬು ನಮ್ಮ ಸೌಂಡು ಬಿಚ್ಚಿ ಒಡಿಶಾಕ್ಕೆ ಕಳಿಸಲು ಪ್ಯಾಕ್ ಮಾಡಿದ. ಡಬ್ಬಿಯಿಂದ ಮೂಲ ಸ್ಪೀಕರುಗಳನ್ನು ಕೂರಿಸಿದ, ಮೂಲ ಸ್ಟೀರಿಯೊ ಕೂರಿಸಿದ, ಚಾಲೂ ಮಾಡಿದ. ಪುಟ್ಟ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೋಡ್ ಎಂದು ಬಂತು. ಅದು ಸಹಜವೇ. ಆ ಸ್ಟೀರಿಯೊಗಳಿಗೆ ಕಳ್ಳರ ಭಯದಿಂದ ನಾಲ್ಕಂಕಿಯ ಗುಟ್ಟು ಇರುತ್ತಿತ್ತು. ಒಮ್ಮೆ ವೈರು ಬಿಚ್ಚಿದರೆ ಆ ಅಂಕಿ ಒತ್ತುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಅಂಕಿಯ ಕಾರ್ಡು ಗಾಡಿಯ ಫೋಲ್ಡರಿನಲ್ಲೇ ಇರುತ್ತದೆ. ನಾನು ಕಾರ್ಡು ನೋಡಿ ಓದಿದೆ, ಮಾಬು ಒತ್ತಿದ. ಎರರ್. ಮತ್ತೆ ಒತ್ತಿದ. ಎರರ್. ಮೂರನೆಯ ಸಲಕ್ಕೆ ಪರದೆಯೇ ಸತ್ತಿತು. ಇನ್ನು ಒಂದು ಗಂಟೆ ಅದು ಯಾರ ಮಾತೂ ಕೇಳುವುದಿಲ್ಲ.

ಹುಲುಗಪ್ಪನ ಮುಖ ಬಿಳಚಿಕೊಂಡಿತು. "ಅಮ್ಮಾರೇ, ನಾ ಒಳಗ ತೊಳದೀನಲ್ರಿ... ನೀರೇನರ ಹೋತೇನ್ರಿ?"

ಆ ಕ್ಷಣದಲ್ಲೇ ನನಗೆ ಎಲ್ಲ ಗೊತ್ತಾಯಿತು. ಗೊತ್ತಾಗಿಯೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಇರಬಹುದಪ್ಪ. ನೋಡೋಣ."

ಏನು ಗೊತ್ತಾಯಿತು ಎಂದು ಈಗ ಹೇಳುತ್ತೇನೆ. ಹಿಂದಿನ ಆಯುಧ ಪೂಜೆಯ ದಿನ ಅಂಗಡಿಯಲ್ಲಿ ಸ್ಪಾನರು, ಡ್ರಿಲ್ಲು, ಮೀಟರು ಎಲ್ಲಕ್ಕೂ ವಿಭೂತಿ ಕುಂಕುಮ ಇಟ್ಟು ಪೂಜೆ ಮಾಡಿದ್ದೆವು. ಡಬ್ಬಿಗಳಲ್ಲಿದ್ದ ಗಿರಾಕಿಗಳ ಸ್ಟೀರಿಯೊಗಳೂ ನಮ್ಮನ್ನು ನಂಬಿ ಕೂತ ವಸ್ತುಗಳಲ್ಲವೇ ಎಂದು ಅವಕ್ಕೂ ಒಂದೊಂದು ಚೆಂಡು ಹೂವಿಟ್ಟು, ಮಾವಿನ ಎಲೆಯಿಂದ ಧಾರಾಳವಾಗಿ ತೀರ್ಥ ಪ್ರೋಕ್ಷಣೆ ಮಾಡಿದೆ. ಡಬ್ಬಿಯ ಮೇಲಿನ ಚೀಟಿಗಳನ್ನು ನಾನು ಬರೆಯುತ್ತಿದ್ದುದು ಇಂಕ್ ಪೆನ್ನಿನಲ್ಲಿ. ಬಾಲ್‌ಪೆನ್ನಿನಿಂದ ಅಕ್ಷರ ಕೆಡುತ್ತದೆ ಎಂದು ಸಿಸ್ಟರ್ ಕಲಿಸಿದ್ದರು. ನನ್ನ ರಾಯಲ್ ಬ್ಲೂ ಅಕ್ಷರ ನೋಡಿ ಗಿರಾಕಿಗಳು ಹೊಗಳುತ್ತಿದ್ದರು. ಎರಡು ದಿನ ಬಿಟ್ಟು ಹೂವು ತೆಗೆದರೆ ಅಕ್ಕಪಕ್ಕದ ಎರಡು ಡಬ್ಬಿಗಳ ಚೀಟಿಯ ಮೇಲೆ ಅಕ್ಷರ ಇರಲಿಲ್ಲ. ಎರಡು ನೀಲಿ ಮೋಡಗಳಿದ್ದವು.

ಒಂದು ಹುಲುಗಪ್ಪನ ಕಾರಿನದು. ಇನ್ನೊಂದು ಸಂಡೂರಿನ ಒಬ್ಬ ಎಂಜಿನಿಯರರ ಕಾರಿನದು. ಎರಡೂ ಬಿಳಿ, ಎರಡೂ ಒಂದೇ ಮಾಡೆಲ್, ಎರಡೂ ಸ್ಟೀರಿಯೊ ಅವಳಿ ಮಕ್ಕಳು. ಲೀಸು ಮುಗಿದು ಎಂಜಿನಿಯರು ಗಾಡಿ ತಂದಾಗ ನಾನು ಮೋಡದೊಳಗೆ ಯಾವುದೋ ಒಂದು ಅಕ್ಷರದ ಬಾಲ ಕಂಡಂತೆ ಅಂದುಕೊಂಡು ಒಂದು ಡಬ್ಬಿ ತೆಗೆದುಕೊಟ್ಟೆ. ಆಗಲೂ ಪರದೆ ಕೋಡ್ ಕೇಳಿತ್ತು. ಅವರಿಗೆ ಅವಸರ, "ಕಾರ್ಡು ಗೆಸ್ಟ್ ಹೌಸಿನಲ್ಲಿದೆ, ನಾನೇ ಒತ್ತಿಕೊಳ್ಳುತ್ತೇನೆ" ಎಂದು ಹೋದರು. ಮತ್ತೆ ಬರಲಿಲ್ಲ. ಬರಲಿಲ್ಲವೆಂದರೆ ಸರಿಯಾಗಿದೆ ಎಂದೇ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಗುರುವಾರ ಮಧ್ಯಾಹ್ನ ಹುಲುಗಪ್ಪ ಎಲ್ಲಿಗೋ ಹೋದ. ಮಾಬು ನನ್ನನ್ನೇ ನೋಡುತ್ತಿದ್ದ. ಅವನಿಗೂ ಗೊತ್ತಾಗಿತ್ತು. "ಮೇಡಂ, ನೀವು ಹೇಳ್ತೀರೋ, ನಾ ಹೇಳ್ಲೋ?" ಎಂದ. ನಾನು ಮ್ಯಾನ್ಯುಯಲ್ ತಿರುವುತ್ತ ಕೂತೆ. ಅದರಲ್ಲಿ ಏನಿದೆ ಎಂದು ನನಗೆ ಬಾಯಿಪಾಠ ಬರುತ್ತಿತ್ತು.

ಮೂರು ಗಂಟೆಗೆ ಹುಲುಗಪ್ಪ ತಿರುಗಿ ಬಂದ. ಕೈಯಲ್ಲಿ ಕೂದಲು ಒಣಗಿಸುವ ಮಶಿನ್ನು! ಬಸ್ ಸ್ಟ್ಯಾಂಡಿನ ಹತ್ತಿರದ ಸಲೂನಿನವನ ಕೈಕಾಲು ಹಿಡಿದು ಇಸಕೊಂಡು ಬಂದಿದ್ದ. ಮಾಬುವಿನ ಕೈಲಿ ವೈರು ಎಳೆಸಿ, ಕಾರಿನ ಮುಂದಿನ ಸೀಟಿನ ಬಳಿ ಮೊಣಕಾಲೂರಿ ಕೂತು, ಸ್ಟೀರಿಯೊ ಬಾಯಿಗೆ ಬಿಸಿ ಗಾಳಿ ಬಿಡತೊಡಗಿದ. ಬೆವರು ಇಳಿಯುತ್ತಿತ್ತು. ಹತ್ತು ನಿಮಿಷ, ಹದಿನೈದು ನಿಮಿಷ. ನಡುನಡುವೆ ಮಶಿನ್ನು ನಿಲ್ಲಿಸಿ ಕಿವಿಯಿಟ್ಟು ಕೇಳುತ್ತಿದ್ದ, ಮತ್ತೆ ಬಿಡುತ್ತಿದ್ದ. "ಒಣಗವಲ್ದಲ್ಲಲೇ" ಎಂದು ಅದರೊಂದಿಗೇ ಮಾತಾಡುತ್ತಿದ್ದ.

ನನಗೆ ಇನ್ನು ನೋಡಲಾಗಲಿಲ್ಲ. ಹೋಗಿ ಮಶಿನ್ನಿನ ಪ್ಲಗ್ ಕಿತ್ತೆ. "ಹುಲುಗಪ್ಪ, ನೀರು ಹೋಗಿಲ್ಲ. ಇದು ನಿನ್ನ ಗಾಡಿಯ ಸ್ಟೀರಿಯೊನೇ ಅಲ್ಲ. ನಾನು ಅದಲುಬದಲು ಮಾಡಿದ್ದೇನೆ. ಬೆಳಿಗ್ಗೇನೇ ಗೊತ್ತಾಗಿತ್ತು, ಹೇಳಲಿಲ್ಲ."

ಅವನು ಎದ್ದು ನಿಂತ. "ಅಂದ್ರ ನಾ ತೊಳದದ್ದಕ್ಕ ಅಲ್ಲ?"

"ಅಲ್ಲ."

"ಇಷ್ಟು ಹೇಳಾಕ ಇಷ್ಟೊತ್ತು ಬೇಕಾತೇನ್ರಿ ಅಮ್ಮಾರೇ?" ಅವನ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. "ಛಂದಗ ತೊಳಕಂಡು ಹೋಗು ಅಂತ ಹೇಳಿದಾಕಿ ನನ್ನ ಹೆಣ್ತಿ. ಮನೀಗೆ ಹೋಗಿ ಆಕಿಗೆ ಬಾಯಿಗೆ ಬಂದಂಗ ಬೈದು ಬಂದೀನಿ. ಉಣ್ಣದ ಕುಂತಾಳ ಪಾಪ."

"ತಪ್ಪಾಯ್ತಪ್ಪ" ಎಂದೆ. ಅಂಗಡಿ ತೆರೆದ ಮೇಲೆ ಯಾವ ಗಿರಾಕಿಗೂ ಹೇಳದ ಮಾತು ಅದು.

ಅವನು ಮಶಿನ್ನಿನ ವೈರು ಸುತ್ತಿಟ್ಟ. ಆಮೇಲೆ, "ಅದು ಎಲ್ಲೈತ್ರಿ ಈಗ, ನಂದು?" ಎಂದ.

ಎಂಜಿನಿಯರಿಗೆ ಫೋನ್ ಹಚ್ಚಿದೆ. ಅವರು ನಗುತ್ತಲೇ ಹೇಳಿದರು: "ಕೋಡ್ ಹೊಂದಲಿಲ್ಲ, ಕೆಟ್ಟಿದೆ ಅಂದುಕೊಂಡು ಬಿಟ್ಟೆ. ಆ ಗಾಡಿಯನ್ನು ವಾಪಸ್ ಕೊಡಲಿಲ್ಲ, ಕಂಪನಿಯೇ ಕೊಂಡು ಕಂಪ್ಲಿಯ ಅಕ್ಕಿ ಗಿರಣಿಯ ವೀರಭದ್ರಪ್ಪನವರಿಗೆ ಮಾರಿತು." ಇನ್‌ಸ್ಪೆಕ್ಷನ್ನೇ ಆಗಿರಲಿಲ್ಲ, ಅದಕ್ಕೇ ನನ್ನ ತಪ್ಪು ಅಷ್ಟು ದಿನ ಬಚ್ಚಿಟ್ಟುಕೊಂಡಿತ್ತು.

ಶುಕ್ರವಾರ ಬೆಳಿಗ್ಗೆ ಮಾಬು, ಹುಲುಗಪ್ಪ, ನಾನು ಅದೇ ಕಾರಿನಲ್ಲಿ ಕಂಪ್ಲಿಗೆ ಹೊರಟೆವು. ಬುಕ್ಕಸಾಗರದ ಹತ್ತಿರ ಭತ್ತದ ಗದ್ದೆಗಳು ಕಣ್ಣಿಗೆ ತಂಪಾಗಿದ್ದವು. ಮಾಬು ಹಿಂದಿನ ಸೀಟಿನಲ್ಲಿ ಸ್ಟೀರಿಯೊವನ್ನು ತೊಡೆಯ ಮೇಲಿಟ್ಟುಕೊಂಡು, "ರೇಡಿಯೊ ಇಲ್ದ ಗಾಡಿ ಅಂದ್ರ ಉಪ್ಪಿಲ್ಲದ ಊಟ" ಎಂದ. ಯಾರೂ ನಗಲಿಲ್ಲ.

ವೀರಭದ್ರಪ್ಪನವರು ಗಿರಣಿಯ ಮುಂದೆ ಕುರ್ಚಿ ಹಾಕಿಸಿ, "ಕುಂದರ್ರಿ, ಚಾ ಕುಡೀರಿ" ಎಂದು ಉಪಚರಿಸಿದರು. ವಿಷಯ ಹೇಳಿದೆ. "ಹೌದ್ರಿ, ಆ ರೇಡಿಯೊ ಎಂಟು ತಿಂಗಳಾತು, ಒಂದ್ ದಿನ ಬಾಯಿ ಬಿಟ್ಟಿಲ್ಲ. ದೀಪ ಮಾತ್ರ ಛಂದ ಹತ್ತೈತಿ" ಎಂದರು. ಮಾಬು ಸ್ಕ್ರೂ ಡ್ರೈವರ್ ತೆಗೆದ. ಅಷ್ಟರಲ್ಲಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅವರ ತಾಯಿ, "ಏ ವೀರಭದ್ರಾ! ಇವತ್ತು ಯಾವ ವಾರ?" ಎಂದು ಕೂಗಿದರು.

"ಶುಕ್ರವಾರಬೇ."

"ಶುಕ್ರವಾರ ಮನಿಯಿಂದ ಕಬ್ಬಿಣದ ಸಾಮಾನು ಹೊರಗ ಕೊಡ್ತಾರೇನೋ? ನಾಳಿಗೆ ಬರ್ಲಿ ಅವರು."

ವೀರಭದ್ರಪ್ಪನವರು ನನ್ನ ಮುಖ ನೋಡಿದರು. "ಅವ್ವನ ಮಾತು ಮೀರಂಗಿಲ್ರಿ."

ನಾಳೆ ಹತ್ತು ಗಂಟೆಗೆ ಇನ್‌ಸ್ಪೆಕ್ಷನ್. ನಾನು ಕಾನ್ವೆಂಟಿನ ಕನ್ನಡದಲ್ಲಿ ಏನೇನೋ ಲಾಜಿಕ್ ಹೇಳಹೋದೆ. ಆ ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹುಲುಗಪ್ಪ ಚಪ್ಪಲಿ ಬಿಟ್ಟು ಪಡಸಾಲೆಯ ಕೆಳಗೆ ನಿಂತ.

"ಯಮ್ಮಾ, ನಾಳೆ ಈ ಗಾಡಿ ವಾಪಸ್ ಕೊಡಬೇಕ್ರಿ. ರೇಡಿಯೊ ಹಾಡಿದ್ರ ನನ್ನ ನೌಕರಿ ಕಾಯಂ ಆಕ್ಕೈತಿ. ಹಾಡಲಿಲ್ಲಂದ್ರ ಆರು ವರ್ಷ ದುಡಿದದ್ದು ನೀರಾಗ ಹೋತು."

ಅಜ್ಜಿ ಮೊರ ಕೆಳಗಿಟ್ಟರು. "ನಿಂದು ನಮ್ಮ ಮನ್ಯಾಗ ಐತಿ, ನಮ್ಮದು ನಿಮ್ಮ ಕೈಯಾಗ ಐತಿ. ಹೌದಿಲ್ಲೋ?"

"ಹೌದ್ರಿ ಯಮ್ಮಾ."

"ಹಂಗಾದ್ರ ಮೊದಲ ನಮ್ಮದು ಒಳಗ ಬರ್ಲಿ. ಒಳಗ ಬಂದ ಮ್ಯಾಲ ನಿಂದು ಹೋಗ್ಲಿ. ಬಂದಿದ್ದಕ್ಕ ಹೋಗಿದ್ದಕ್ಕ ಸರಿಹೋತು, ಲಕ್ಷ್ಮಿ ಹೊರಗ ಹೋಗಲಿಲ್ಲ."

ಇಷ್ಟು ಚೊಕ್ಕವಾದ ತೀರ್ಪನ್ನು ನಾನು ಬೇರೆಲ್ಲೂ ಕೇಳಿಲ್ಲ. ಮಾಬು ಸ್ಟೀರಿಯೊವನ್ನು ಎರಡೂ ಕೈಯಲ್ಲಿ ಹಿಡಿದು ಹೊಸ ಸೊಸೆಯ ಹಾಗೆ ಹೊಸ್ತಿಲು ದಾಟಿಸಿದ. ಅಜ್ಜಿ ಅದಕ್ಕೆ ಒಂದು ಚಿಟಿಕೆ ಕುಂಕುಮ ಹಚ್ಚಹೋದಾಗ ನಾನು, "ಒಣಾ ಕುಂಕುಮ ಹಚ್ಚಿ ಅಜ್ಜೀ, ನೀರು ಬೇಡ" ಎಂದೆ. ಹುಲುಗಪ್ಪನಿಗೆ ಅಂದು ಮೊದಲ ಸಲ ನಗು ಬಂತು.

ಅರ್ಧ ಗಂಟೆಯಲ್ಲಿ ಎರಡೂ ಕೂತವು. ಈ ಸಲ ನಾನು ಎರಡೂ ಗಾಡಿಗಳ ಕಾರ್ಡಿನ ಮೇಲಿನ ಸೀರಿಯಲ್ ನಂಬರನ್ನೂ ಸ್ಟೀರಿಯೊ ಹೊಟ್ಟೆಯ ಮೇಲಿನ ನಂಬರನ್ನೂ ಎರಡೆರಡು ಸಲ ಓದಿ ಹೊಂದಿಸಿದೆ. ಆ ನಂಬರ್ ಅಲ್ಲೇ ಇತ್ತು, ಮೊದಲ ದಿನದಿಂದಲೂ ಇತ್ತು. ನನ್ನ ಚೆಂದದ ಅಕ್ಷರದ ಭರದಲ್ಲಿ ನಾನು ಅದನ್ನು ಬರೆದುಕೊಂಡೇ ಇರಲಿಲ್ಲ. ಶಿಲ್ಪಾ, ನಿನ್ನ ಕೈಯಲ್ಲಿ ಫೋನಿದೆ, ಒಂದು ಫೋಟೊ ತೆಗೆದುಕೋ, ಮುಗಿಯಿತು. ನಮಗೆ ಒಂದು ಸಾಲು ಬರೆಯಲು ಸೋಮಾರಿತನ.

ಗಿರಣಿಯ ಕಾರಿನ ರೇಡಿಯೊ ಮೊದಲು ಹಾಡಿತು. ಅಜ್ಜಿ ಕಿಟಕಿಯೊಳಗೆ ತಲೆ ಹಾಕಿ ಕೇಳಿ, "ಇಷ್ಟ ಸಣ್ಣ ದನಿ ಏನೋ ಇದರದು?" ಎಂದರು.

"ದೊಡ್ಡದು ಹಾಕೋಣ್ರಿ ಯಮ್ಮಾ" ಎಂದ ಮಾಬು.

"ಹಾಕ್ರಿ, ಹಾಕ್ರಿ! ಈಗ ನಮ್ಮ ಸ್ವಂತ ಗಾಡಿ. ಎಷ್ಟು ಬೇಕಾದ್ರೂ ತೂತು ಹೊಡೀರಿ" ಎಂದರು ವೀರಭದ್ರಪ್ಪನವರು. ಮುಂದಿನ ತಿಂಗಳು ಅವರ ಗಾಡಿ ಅಂಗಡಿಗೆ ಬಂದಾಗ ನಾನು ಕಟರ್ ತೆಗೆದುಕೊಟ್ಟೆ. ಮಾಬು ಅದನ್ನು ಪಕ್ಕಕ್ಕಿಟ್ಟು, "ಕೈ ಬರವಲ್ದು ಮೇಡಂ" ಎಂದು ಕಪ್ಲರನ್ನೇ ಹಾಕಿದ. ಅದು ಇರಲಿ.

ಶನಿವಾರ ನಾನೂ ಯಾರ್ಡಿಗೆ ಹೋದೆ. ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೆ ಮನೆಯಲ್ಲಿ ಕೂರಲಾಗಲಿಲ್ಲ. ಪ್ರಭಾಕರ್ ಟಾರ್ಚು ಹಿಡಿದು ಸುತ್ತು ಬಂದರು. ಬಾನೆಟ್, ಡಿಕ್ಕಿ, ಸ್ಟೆಪ್ನಿ. ರೇಡಿಯೊ ಹಾಕಿದರು, ಹೊಸಪೇಟೆ ಸ್ಟೇಷನ್ನಿನಿಂದ ಯಾರೋ ಕಬ್ಬಿನ ಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ಹುಲುಗಪ್ಪ ಕಣ್ಣು ಮುಚ್ಚಿ ಆ ಗೊಬ್ಬರದ ಮಾತು ಕೇಳಿದ. ಆಮೇಲೆ ಸೀಟಿನ ಕೆಳಗೆ ಕನ್ನಡಿ ಹೋಯಿತು. ಹ್ಞೂಂ ಎಂಬ ಸದ್ದು ಬರಲಿಲ್ಲ.

"ಈ ಬೋಲ್ಟಿನ ಮೇಲೆ ಸ್ಪಾನರ್ ಗುರುತಿದೆ. ಸೀಟು ಬಿಚ್ಚಿದ್ದು ಯಾರು?"

ನಾನು ಮುಂದೆ ಬಂದೆ. "ನಾವು ಸರ್. ಇಲ್ಲೊಂದು ಆಂಪ್ಲಿಫೈಯರ್ ಇತ್ತು. ಗುರುವಾರ ತೆಗೆದೆವು. ಬೋಲ್ಟು ಗಾಡಿಯದೇ, ತೂತು ಒಂದೂ ಹೊಡೆದಿಲ್ಲ. ಗುರುತಿಗೆ ಕಾರಣ ನಮ್ಮ ಅಂಗಡಿ, ಡ್ರೈವರ್ ಅಲ್ಲ."

ಅವರು ನನ್ನನ್ನು ಅಳೆಯುವಂತೆ ನೋಡಿದರು. ಮತ್ತೆ ಬಗ್ಗಿದರು. ಕಾರ್ಪೆಟ್ ಎತ್ತಿ ನೋಡಿದರು, ಬಾಗಿಲ ಅಂಚು ನೋಡಿದರು, ರಬ್ಬರ್ ಬಿರಡೆ ಒತ್ತಿ ನೋಡಿದರು. ಎಷ್ಟು ಹೊತ್ತೋ. ಕೊನೆಗೆ ಎದ್ದು ಮೊಣಕಾಲಿನ ಕೆಂಪು ಧೂಳು ಕೊಡವಿಕೊಂಡು "ಹ್ಞೂಂ" ಎಂದರು. ಫಾರಂ ತುಂಬಿ, ಸಹಿ ಹಾಕಿ, ಒಂದು ಪ್ರತಿ ಹರಿದು ಹುಲುಗಪ್ಪನಿಗೆ ಕೊಟ್ಟರು.

ಅವನು ಅದನ್ನು ನನ್ನ ಕೈಗಿತ್ತ. "ಏನ್ ಬರದಾರ್ರಿ ಅಮ್ಮಾರೇ?"

"ರಿಮಾರ್ಕ್ಸ್ ಅನ್ನೋ ಕಡೆ ನಿಲ್ ಅಂತ ಬರೆದಿದ್ದಾರೆ."

"ನಿಲ್ ಅಂದ್ರ?"

"ಏನೂ ಇಲ್ಲ ಅಂತ. ಪಾಸು, ಹುಲುಗಪ್ಪ! ಇದಕ್ಕಿಂತ ಒಳ್ಳೆಯದು ಆ ಜಾಗದಲ್ಲಿ ಬರೆಯೋದಕ್ಕೆ ಬರಲ್ಲ. ನಿನ್ನ ಹೆಸರು ಕಾಯಂ ಆಯಿತು ಅಂತ ತಿಳಿ."

ಅವನು ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಇಳಿದುಹೋಯಿತು. ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದ, ಅಲ್ಲೇನಾದರೂ ಬರೆದಿದ್ದಾರೋ ಎಂದು. ಆಮೇಲೆ ಮುಂದಿನ ಕಾರಿನ ಕಡೆ ಹೊರಟಿದ್ದ ಪ್ರಭಾಕರರ ಹಿಂದೆಯೇ ಹೋದ.

"ಸಾರ್, ಏನೂ ಇಲ್ಲ ಅಂತ ಬರದೀರಂತ್ರಿ. ಮೂರು ವರ್ಷ ಆ ಗಾಡೀನ ಕೂಸು ನೋಡ್ಕಂಡಂಗ ನೋಡ್ಕಂಡೀನ್ರಿ. ಸಂಡೂರ ರಸ್ತ್ಯಾಗ ಒಂದ್ ಗೀರು ಬೀಳಗೊಟ್ಟಿಲ್ಲ. ನಿಮಗ ಕಾಣಲಿಲ್ಲೇನ್ರಿ?"

ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನವರು, "ಲೇ, ಸುಮ್ನ ಬಾರೋ ಈ ಕಡೆ" ಎಂದು ಅವನ ತೋಳು ಎಳೆದರು. ಪ್ರಭಾಕರ್ ನಿಂತರು. ಕಾಗದ ಇಸಕೊಂಡರು. ಪೆನ್ನು ತೆಗೆದು ನಿಲ್ ಎನ್ನುವುದರ ಕೆಳಗೆ ಒಂದು ಸಾಲು ಬರೆದು, ಅದಕ್ಕೂ ಒಂದು ಸಹಿ ಹಾಕಿ, ಮುಂದಿನ ಗಾಡಿಗೆ ಹೋದರು.

ಹುಲುಗಪ್ಪ ಓಡುತ್ತ ಬಂದ. ನಾನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ: "ಗಾಡಿಯನ್ನು ಡ್ರೈವರ್ ಹುಲುಗಪ್ಪ ಬಹಳ ಚೆನ್ನಾಗಿ ನೋಡಿಕೊಂಡಿದ್ದಾನೆ."

"ನನ್ನ ಹೆಸರ ಬರದಾರೇನ್ರಿ?"

"ಬರೆದಿದ್ದಾರೆ. ಇಗೋ ಇಲ್ಲಿ."

ಅವನು ಅಲ್ಲಿ ಬೆರಳಿಟ್ಟ. ತೆಗೆಯಲಿಲ್ಲ. "ಇನ್ನೊಂದ್ಸಲ ಓದ್ರಿ ಅಮ್ಮಾರೇ," ಎಂದ, "ನಮ್ಮಾಕಿಗೆ ಹೋಗಿ ಹೇಳಬೇಕು."